ನಿಜಲಿಂಗಪ್ಪನವರ ಮೂಲೆಯ ಸಂದು

ನಿಜಲಿಂಗಪ್ಪನವರು ಎಲ್ಲಿ ಹೋದರೂ ಒಂದು ಸಂದು ಬಿಟ್ಟೇ ಕೂರುವವರು. ಕನ್ನಡ ಸಂಘದ ಊಟದ ಸಾಲಿನಲ್ಲಿ ಅವರ ಕುರ್ಚಿಗೂ ಪಕ್ಕದವರ ಕುರ್ಚಿಗೂ ನಡುವೆ ಒಂದು ಗೇಣು ಜಾಗ ಇರಲೇಬೇಕು. ವಿಮಾನ ಹತ್ತುವ ದಿನ ಊರೆಲ್ಲ ಎಷ್ಟು ಮೊದಲು ಹೊರಡುತ್ತದೋ ಇವರು ಅದಕ್ಕೂ ಮೊದಲು ಹೊರಟು ಏರ್‌ಪೋರ್ಟಿನಲ್ಲಿ ಕೂತು ತೂಕಡಿಸುತ್ತಾರೆ. ಸೂಟ್‌ಕೇಸು ತುಂಬುವಾಗ ಬಟ್ಟೆಯ ಸುತ್ತ ಖಾಲಿ ಬಿಟ್ಟು, "ಬಟ್ಟಿಗೂ ಉಸಿರಾಡಾಕ ಜಾಗಾ ಬೇಕಲ್ಲ" ಎನ್ನುತ್ತಾರೆ. ಫೋಟೋಕ್ಕೆ ನಿಂತರಂತೂ ಕೇಳಲೇಬೇಡಿ. ಹೆಂಡತಿ ವಸಂತಾ ಒಂದು ಕಡೆ, ಇವರು ಒಂದು ಮಾರು ಆಚೆ. ಫೋಟೋ ತೆಗೆಯುವವರು "ಸಾರ್, ಸ್ವಲ್ಪ ಒಳಗೆ ಬನ್ನಿ" ಎಂದು ಕೈ ಬೀಸಿ ಬೀಸಿ ಸೋತು, ಕೊನೆಗೆ ತಾವೇ ಹಿಂದೆ ಸರಿದು ತೆಗೆದುಕೊಂಡು ಹೋಗುತ್ತಾರೆ. ಹೀಗಾಗಿ ಅವರ ಮನೆಯ ಆಲ್ಬಮ್ಮಿನಲ್ಲಿ ಗಂಡ ಹೆಂಡಿರ ನಡುವೆ ನಯಾಗರ ಜಲಪಾತ ಎಲ್ಲೂ ಮರೆಯಾಗದೆ ಸಂಪೂರ್ಣವಾಗಿ ಕಾಣುತ್ತದೆ.

ಇದು ಅವರ ತಪ್ಪಲ್ಲ, ಅವರ ಕಸುಬಿನ ತಪ್ಪು. ರೋಣದ ಕಡೆಯವರು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಟೊರಾಂಟೊಗೆ ಬಂದು, ನಿವೃತ್ತರಾಗುವವರೆಗೂ ಸೇತುವೆಗಳ ಸಂದಿನ ಮೇಲೆ ಬದುಕಿದವರು. ಸೇತುವೆ ಎನ್ನುವುದು ಬೇಸಿಗೆಯಲ್ಲಿ ಹಿಗ್ಗುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ಹಿಗ್ಗಲು ಜಾಗ ಬಿಡದಿದ್ದರೆ ಕಾಂಕ್ರೀಟು ಬಿರುಕು ಬಿಡುತ್ತದೆ. ಆದ್ದರಿಂದ ಬೇಕೆಂದೇ ಒಂದು ಸಂದು ಬಿಟ್ಟು, ಅದರಲ್ಲಿ ರಬ್ಬರಿನ ಪಟ್ಟಿ ಕೂರಿಸುತ್ತಾರೆ. ಕಾರು ಅದರ ಮೇಲೆ ಹೋದಾಗ "ಟಪ್" ಎನ್ನುತ್ತದಲ್ಲ, ಅದೇ. ನಾವು ನೀವು ಆ ಟಪ್ ಕೇಳಿದರೆ ಟಯರಿಗೆ ಏನಾಯಿತೋ ಎಂದುಕೊಳ್ಳುತ್ತೇವೆ. ನಿಜಲಿಂಗಪ್ಪನವರು ಮೊಮ್ಮಗಳ ಗೆಜ್ಜೆ ಸದ್ದು ಕೇಳಿದಂತೆ ಕಣ್ಣು ಮುಚ್ಚಿ ಕೇಳುತ್ತಾರೆ.

ಇಂಥ ಮನುಷ್ಯನಿಗೆ ಎಪ್ಪತ್ತು ದಾಟಿದ ಮೇಲೆ ಸಂದೇ ಇಲ್ಲದ ಒಂದು ಜೋಡಣೆ ಮಾಡುವ ಪ್ರಸಂಗ ಬಂತು. ಅದೂ ಸೇತುವೆಯಲ್ಲಲ್ಲ, ಅಡುಗೆಮನೆಯಲ್ಲಿ.

ವಸಂತಾ ಅವರ ಮಂಡಿ ಮೆಟ್ಟಿಲು ಹತ್ತಲು ಒಪ್ಪದೆ ಹೋದಾಗ ದಂಪತಿಗಳು ಸ್ಟ್ರೀಟ್ಸ್‌ವಿಲ್ಲಿನ ದೊಡ್ಡ ಮನೆ ಬಿಟ್ಟು ನಾರ್ತ್ ಯಾರ್ಕಿನ ಒಂದು ಎತ್ತರದ ಕಟ್ಟಡದ ಸಣ್ಣ ಫ್ಲ್ಯಾಟಿಗೆ ಬಂದರು. ಎಲ್ಲ ಚೆನ್ನಾಗಿತ್ತು. ಕೆಳಗೆ ಸಬ್‌ವೇ, ಪಕ್ಕದಲ್ಲಿ ಲೈಬ್ರರಿ. ಆದರೆ ಅಡುಗೆಮನೆ ಮಾತ್ರ ಎಷ್ಟು ಇಕ್ಕಟ್ಟೆಂದರೆ ಇಬ್ಬರು ಎದುರಾದರೆ ಒಬ್ಬರು ರಿವರ್ಸ್ ಹೋಗಬೇಕು. ಹಳೆಯ ಮಾಲೀಕರು ಬಿಟ್ಟುಹೋದ ಅಡುಗೆಕಟ್ಟೆ ಸಿಂಕಿನ ಹತ್ತಿರ ನೀರು ಕುಡಿದು ಪೂರಿಯ ಹಾಗೆ ಉಬ್ಬಿತ್ತು. ನಿಜಲಿಂಗಪ್ಪನವರು ಅದನ್ನು ಕಿತ್ತು, ಪದರ ಪದರ ಅಂಟಿಸಿದ ಮೇಪಲ್ ಹಲಗೆ ಎರಡು ತರಿಸಿದರು. ಓಡಾಡಲು ಜಾಗ ಉಳಿಯಲೆಂದು ಮಾಮೂಲಿಗಿಂತ ಕಿರಿದಾದ ಹಲಗೆಗಳು. ಒಂದು ಒಲೆಯ ಗೋಡೆಗೆ, ಇನ್ನೊಂದು ಕಿಟಕಿಯ ಗೋಡೆಗೆ. ಎರಡೂ ಮೂಲೆಯಲ್ಲಿ ಸೇರಬೇಕು.

ಮೂಲೆಗೆ ಬೆಲೆ ಬಂದದ್ದೇ ವಸಂತಾ ಅವರಿಂದ. ಕಟ್ಟೆ ಕಿರಿದು. ಹಿಂಬದಿಗೆ ಡಬ್ಬಿಗಳನ್ನು ಇಟ್ಟರೆ ಮುಂದೆ ಉಳಿಯುವುದು ಒಂದು ಲೋಟ ಇಡುವಷ್ಟು ಜಾಗ. ಎರಡು ಕಟ್ಟೆ ಸೇರುವ ಮೂಲೆಯಲ್ಲಿ ಮಾತ್ರ ಎರಡೂ ಕಡೆಯ ಅಗಲ ಒಟ್ಟಾಗಿ ಒಂದು ಜೋಳದ ರೊಟ್ಟಿ ನಿರಾಳವಾಗಿ ತಿರುಗುವಷ್ಟು ಹರವು ಸಿಗುತ್ತಿತ್ತು. ವಸಂತಾ ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸುವವರಲ್ಲ. ಹಿಟ್ಟಿನ ಉಂಡೆಯನ್ನು ಕಟ್ಟೆಯ ಮೇಲೆ ಇಟ್ಟು, ಅಂಗೈಯಿಂದ ತಟ್ಟಿ ತಟ್ಟಿ, ತಿರುಗಿಸಿ ತಿರುಗಿಸಿ ಹುಣ್ಣಿಮೆ ಚಂದ್ರನನ್ನು ಇಳಿಸುವವರು. ಬೇರೆ ಮಣೆ ಇಟ್ಟುಕೊಳ್ಳಿ ಎಂದರೆ, "ಮಣಿ ಓಡ್ಯಾಡತೈತ್ರಿ, ಅದನ್ನ ಹಿಡೀಲೋ ರೊಟ್ಟಿ ಹಿಡೀಲೋ?" ಎಂದು ಕೇಳುತ್ತಿದ್ದರು. ಅಂತೂ ಎರಡು ಹಲಗೆ ಕೂಡುವ ಗೆರೆ ಎಲ್ಲಿ ಬರುತ್ತದೋ, ವಸಂತಾ ಅವರ ರೊಟ್ಟಿ ಸರಿಯಾಗಿ ಅದರ ಮೇಲೇ ಬರಬೇಕಿತ್ತು.

ನಿಜಲಿಂಗಪ್ಪನವರು ಎರಡೂ ಹಲಗೆಗಳ ತುದಿಯನ್ನು ನಲವತ್ತೈದು ಡಿಗ್ರಿಗೆ ಓರೆಯಾಗಿ ಕೊಯ್ದರು. ಕೂರಿಸಿದರು. ಆಮೇಲೆ ಕೈ ಸುಮ್ಮನಿರಬೇಕಲ್ಲ, ಅಭ್ಯಾಸಬಲ. ನಡುವೆ ನೀಟಾಗಿ ಒಂದು ಸಂದು ಬಿಟ್ಟರು. ಸಂದಿನಲ್ಲಿ ಕರಿ ರಬ್ಬರಿನ ಪಟ್ಟಿಯನ್ನೂ ಕೂರಿಸಿದರು. ಎರಡು ಹೆಜ್ಜೆ ಹಿಂದೆ ಸರಿದು, ಉದ್ಘಾಟನೆಗೆ ಬಂದ ಮಂತ್ರಿಯ ಹಾಗೆ ಕೈಕಟ್ಟಿ ನಿಂತರು.

ವಸಂತಾ ಬಂದು ನೋಡಿದರು. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು.

"ಏನ್ರಿ ಇದು? ಅಡಗಿಮನಿನೋ, ಬ್ರಿಜ್ಜೋ?"

"ಕಟಗಿ ಹಿಗ್ಗತೈತಿ, ವಸಂತಾ. ಬ್ಯಾಸಗ್ಯಾಗ ಒಂದ್ ನಮೂನಿ, ಹೀಟರ್ ಹಚ್ಚಿದಾಗ ಒಂದ್ ನಮೂನಿ. ಸಂದಿ ಬಿಡದಿದ್ರ ಒಡೀತೈತಿ."

"ನನ್ನ ಅಡಗಿಮನ್ಯಾಗ ಲಾರಿ ಹಾಯೂದಿಲ್ರಿ."

ಆದರೂ ವಸಂತಾ ಅನ್ಯಾಯ ಮಾಡುವವರಲ್ಲ. ಪರೀಕ್ಷೆ ಮಾಡದೆ ಫೇಲು ಮಾಡಲಿಲ್ಲ. ಹಿಟ್ಟು ನಾದಿ ಮೊದಲ ರೊಟ್ಟಿ ತಟ್ಟಿದರು. ಅರ್ಧ ತಟ್ಟುವಷ್ಟರಲ್ಲಿ ರೊಟ್ಟಿ ರಬ್ಬರಿಗೆ ಅಂಟಿಕೊಂಡಿತು. ಎಬ್ಬಿಸಿ ಹಂಚಿಗೆ ಹಾಕಿದರೆ ನಟ್ಟನಡುವೆ ಉದ್ದಕ್ಕೂ ಒಂದು ಗೆರೆ. ಹಂಚಿನ ಮೇಲೆ ರೊಟ್ಟಿ ಉಬ್ಬಿತು, ಉಬ್ಬಿದ್ದೇ ಆ ಗೆರೆಗುಂಟ ಬಾಯಿಬಿಟ್ಟು ಎರಡು ಹೋಳಾಯಿತು.

"ನೋಡ್ರಿ, ನಾಕನೂರಾ ಒಂದು," ಎಂದರು ವಸಂತಾ, ಟೊರಾಂಟೊವನ್ನು ಅಡ್ಡಡ್ಡ ಸೀಳುವ ಹೆದ್ದಾರಿಯ ಹೆಸರು ಹಿಡಿದು. "ಈ ಕಡೆ ನಾರ್ತ್ ಯಾರ್ಕು, ಆ ಕಡೆ ಉಳಿದ ಊರು. ಯಾವುದನ್ನ ತಿಂತೀರಿ?"

ನಿಜಲಿಂಗಪ್ಪನವರು ಎರಡನ್ನೂ ತಿಂದರು. ಆದರೆ ಸಂದು ತೆಗೆಯಲು ಒಪ್ಪಲಿಲ್ಲ. ಸಂದಿಲ್ಲದ ಜೋಡಣೆ ಒಡೆಯುತ್ತದೆ ಎನ್ನುವುದು ಅವರಿಗೆ ಬರೀ ಲೆಕ್ಕವಲ್ಲ, ನಂಬಿಕೆ. ಹೆಂಡತಿಗೆ ಬೇಸರವಾಯಿತೆಂದು ನಂಬಿಕೆ ಬಿಡಲಾದೀತೇ? ವಸಂತಾ ಕೂಡ ಜಗಳವಾಡಲಿಲ್ಲ. ಮರುದಿನ ಬೆಳಿಗ್ಗೆ ಜೋಳದ ಹಿಟ್ಟಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಲಿಫ್ಟು ಹತ್ತಿ, ಎರಡು ಅಂತಸ್ತು ಕೆಳಗಿದ್ದ ರತ್ನಾಳ ಮನೆಗೆ ಇಳಿದುಹೋದರು.

ರತ್ನಾ ಮೈಸೂರಿನ ಹುಡುಗಿ, ಅವಳ ಗಂಡ ಗಿರೀಶ ಬೆಂಗಳೂರಿನವನು. ಇಬ್ಬರೂ ಸಾಫ್ಟ್‌ವೇರು, ಇಬ್ಬರೂ ವಾರದ ಅರ್ಧ ಮನೆಯಿಂದಲೇ ಕೆಲಸ. ಅವರ ಅಡುಗೆಕಟ್ಟೆಗೆ ಮೂಲೆಯೇ ಇಲ್ಲ, ಒಂದೇ ಉದ್ದನೆಯ ಕಲ್ಲು. ಅಲ್ಲಿ ವಸಂತಾ ಅವರ ಕೈ ಕುಣಿಯಿತು. ಅನ್ನ ಸಾರು ಉಂಡು ಬೆಳೆದ ಗಿರೀಶ ಮೊದಲ ದಿನ "ಆಂಟಿ, ಒಂದೇ ಒಂದು ಟೇಸ್ಟ್ ನೋಡ್ತೀನಿ" ಎಂದ. ವಾರ ಕಳೆಯುವಷ್ಟರಲ್ಲಿ ರೊಟ್ಟಿಯ ಹೊತ್ತಿಗೆ ಸರಿಯಾಗಿ ಅವನ ಮೀಟಿಂಗುಗಳೆಲ್ಲ ಮುಂದಕ್ಕೆ ಹೋಗತೊಡಗಿದವು. ಹಂಚಿನಿಂದ ಎದ್ದ ರೊಟ್ಟಿ ಅವನ ತಟ್ಟೆಗೆ ಬೀಳುತ್ತಿತ್ತು. ಮೇಲೆ ಬೆಣ್ಣೆ, ಪಕ್ಕದಲ್ಲಿ ಶೇಂಗಾ ಹಿಂಡಿ. ಕಂಪ್ಯೂಟರಿನ ಕ್ಯಾಮೆರಾ ಆಫ್ ಮಾಡಿಕೊಂಡು ತಿನ್ನುತ್ತಿದ್ದ.

ನಿಜಲಿಂಗಪ್ಪನವರಿಗೆ ಬರುತ್ತಿದ್ದುದು ಬಟ್ಟೆಯಲ್ಲಿ ಸುತ್ತಿದ, ಲಿಫ್ಟಿನಲ್ಲಿ ಬಂದ ರೊಟ್ಟಿ. ಬಿಸಿರೊಟ್ಟಿಗೆ ಒಂದು ರುಚಿ, ಒಣಗಿಸಿದ ಖಡಕ್ ರೊಟ್ಟಿಗೆ ಒಂದು ರುಚಿ. ಇದು ಬಿಸಿಯೂ ಅಲ್ಲ, ಖಡಕ್ಕೂ ಅಲ್ಲ, ಒದ್ದೆ ರಟ್ಟು. ಅದನ್ನಾದರೂ ನುಂಗಬಹುದಿತ್ತು. ನುಂಗಲಾಗದೆ ಇದ್ದದ್ದು ಮನೆಯ ಮೌನ. ಹುಟ್ಟಿದಾಗಿನಿಂದ ಅವರ ಬೆಳಗು ಎಂದರೆ ರೊಟ್ಟಿ ತಟ್ಟುವ ಸದ್ದು. ಮೊದಲು ಅವ್ವನದು, ಆಮೇಲೆ ವಸಂತಾಳದು. ಹಿಮ ಬೀಳುತ್ತಿದ್ದ ಸ್ಟ್ರೀಟ್ಸ್‌ವಿಲ್ಲಿನಲ್ಲೂ ಆ ಪಟಪಟ ಸದ್ದೇ ಅವರ ಅಲಾರಾಂ. ಈಗ ಎದ್ದರೆ ಫ್ರಿಜ್ಜಿನ ಗುಂಯ್ ಬಿಟ್ಟು ಬೇರೇನೂ ಇಲ್ಲ. ಹೆಂಡತಿ ಎರಡು ಅಂತಸ್ತು ಕೆಳಗೆ ಯಾರದೋ ಮನೆಯಲ್ಲಿ ನಗುತ್ತಿರುತ್ತಾಳೆ. ಬಾಯಿಬಿಟ್ಟು ಹೇಳದಿದ್ದರೂ ಅವರಿಗೆ ಹೊಟ್ಟೆಕಿಚ್ಚಾಗಿತ್ತು, ಅದಕ್ಕಿಂತ ಹೆಚ್ಚಾಗಿ ಒಂಟಿ ಎನಿಸುತ್ತಿತ್ತು. ವಸಂತಾಳನ್ನು ತನ್ನ ಅಡುಗೆಮನೆಗೆ ವಾಪಸು ತರಬೇಕು. ಆದರೆ ಸಂದೂ ಇರಬೇಕು. ಎರಡೂ ಒಟ್ಟಿಗೆ ಹೇಗೆ?

ಅದಕ್ಕೆ ಉತ್ತರ ಸಿಕ್ಕಿದ್ದು ಒಂದು ಶನಿವಾರ. ಮಿಸ್ಸಿಸಾಗದಲ್ಲಿ ಸಂಘದ ಕಾರ್ಯಕ್ರಮ. ಗಿರೀಶನ ಕಾರಿನಲ್ಲಿ ನಾಲ್ವರೂ ಹೊರಟಿದ್ದರು. ಹಿಂದಿನ ಸೀಟಿನಲ್ಲಿ ವಸಂತಾ, ರತ್ನಾ. ಮುಂದೆ ನಿಜಲಿಂಗಪ್ಪನವರು, ಬಾಗಿಲಿಗೆ ಒತ್ತಿಕೊಂಡು, ಗಿರೀಶನಿಂದ ತಕ್ಕಷ್ಟು ದೂರ. ದಾರಿಯಲ್ಲಿ ಒಂದು ಉದ್ದನೆಯ ಸೇತುವೆ ಬಂತು. ಏರುವಾಗ ಟಪ್. ನಿಜಲಿಂಗಪ್ಪನವರು ಕಣ್ಣು ಮುಚ್ಚಿ ಮುಂದಿನದಕ್ಕೆ ಕಾದರು. ಬರಲಿಲ್ಲ. ಸೇತುವೆ ಮುಗಿದು ಇಳಿಯುವಾಗ ಇನ್ನೊಂದು ಟಪ್. ನಡುವೆ ಏನೂ ಇಲ್ಲ, ಎಣ್ಣೆಯ ಹಾಗೆ ನುಣ್ಣಗೆ.

ಅವರು ಸೀಟಿನಲ್ಲಿ ನೆಟ್ಟಗೆ ಕೂತರು. "ಗಿರೀಶ, ಹಿಂದಕ್ಕ ಹೊಳ್ಳಸು."

"ಅಂಕಲ್, ಇದು ಹೈವೇ! ಏನಾದ್ರೂ ಮರೆತು ಬಂದ್ರಾ?"

"ಹೂಂ, ಮರ್ತಿದ್ದೆ. ಮುಂದಿನ ಎಕ್ಸಿಟ್ಟಲ್ಲಿ ಇಳದು ವಾಪಸ್ ಬಾ. ಆ ಬ್ರಿಜ್ ಮ್ಯಾಲೆ ಇನ್ನೊಂದ್ಸಲ ಹೋಗೂಣು."

ರತ್ನಾ ಹಿಂದಿನಿಂದ, "ಆಂಟಿ, ಅಂಕಲ್ ಹುಷಾರಾಗಿದಾರೆ ತಾನೇ?" ಎಂದಳು. "ಹುಷಾರ್ ಅದಾರ," ಎಂದರು ವಸಂತಾ, "ಮಂದಿ ಹಾಡ ಕೇಳತಾರ, ಇವರು ಬ್ರಿಜ್ ಕೇಳತಾರ." ಗಿರೀಶ ಪಾಪ, ಸೇತುವೆಯ ಮೇಲೆ ಹೋಗಿ ಬಂದ. ಹೋಗುವಾಗಲೂ ಬರುವಾಗಲೂ ಅದೇ. ತುದಿಯಲ್ಲಿ ಟಪ್, ತುದಿಯಲ್ಲಿ ಟಪ್.

ನಿಜಲಿಂಗಪ್ಪನವರಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಕೆಲಸದ ಕೊನೆಯ ವರ್ಷಗಳಲ್ಲಿ ಆಫೀಸಿನಲ್ಲಿ ಮೇಜು ಗುದ್ದಿ ವಾದಿಸಿದ್ದು ಇದನ್ನೇ ತಾನೆ? ಸೇತುವೆಯ ನಡುವಿನ ಸಂದಿನಲ್ಲಿ ಚಳಿಗಾಲದ ಉಪ್ಪುನೀರು ಇಳಿದು ಕೆಳಗಿನ ಕಂಬ ಹಾಳಾಗುತ್ತದೆ, ಸಂದು ಬೇಕೇ ಬೇಕು, ಆದರೆ ನಡುವೆ ಬೇಡ, ತುದಿಗೆ ಸರಿಸಿ ಎಂದು. ಊರಿನ ಸೇತುವೆಗಳಿಗೆ ಹೇಳಿದ ಬುದ್ಧಿ ಸ್ವಂತ ಅಡುಗೆಕಟ್ಟೆಗೆ ನೆನಪಾಗಲಿಲ್ಲ. ಎರಡು ಹಲಗೆಗಳನ್ನೂ ಮೂಲೆಯಲ್ಲಿ ಬಿಗಿಯಾಗಿ ಕೂಡಿಸಿ ಒಂದೇ ಮಾಡಬೇಕು. ಹಿಗ್ಗುವ ಜಾಗವನ್ನು ಆಚೆ ತುದಿಗಳಿಗೆ ಕೊಡಬೇಕು. ಅಷ್ಟೇ.

ಆದರೆ ಒಬ್ಬರಿಂದ ಆಗುವ ಕೆಲಸವಲ್ಲ. ಮೇಲೆ ಹಲಗೆ ಒತ್ತಿ ಹಿಡಿಯಲು ಒಬ್ಬರು, ಕಟ್ಟೆಯ ಕೆಳಗಿನ ಕಪಾಟಿನಲ್ಲಿ ಅಂಗಾತ ಮಲಗಿ ಬೋಲ್ಟು ತಿರುಗಿಸಲು ಒಬ್ಬರು ಬೇಕು. ಎಪ್ಪತ್ತು ದಾಟಿದ ಬೆನ್ನು ಕಪಾಟಿನೊಳಗೆ ಹೋಗುವುದಿಲ್ಲ, ಹೋದರೆ ಹೊರಗೆ ಬರುವುದಿಲ್ಲ. ಉಳಿದವನು ಗಿರೀಶ. ಕುರಿ ಕಾಯಲು ತೋಳನನ್ನೇ ಕರೆಯಬೇಕಾಗಿ ಬಂತು.

ಗಿರೀಶ ಒಳ್ಳೆಯ ಹುಡುಗ. ಇಲ್ಲ ಎನ್ನಲಿಲ್ಲ. ಆದರೆ ಹೂಂ ಎನ್ನಲು ಹೊಟ್ಟೆ ಒಪ್ಪಲಿಲ್ಲ. "ಅಂಕಲ್, ಈ ವೀಕ್ ರಿಲೀಸ್ ಇದೆ, ನೆಕ್ಸ್ಟ್ ವೀಕೆಂಡ್ ನೋಡೋಣ" ಎಂದ. ನೆಕ್ಸ್ಟ್ ವೀಕೆಂಡಿಗೆ ಸೊಂಟ ಹಿಡಿದಿತ್ತು. ಅದರ ಮುಂದಿನ ವಾರ, "ಅಂಕಲ್, ಆ ಗ್ಯಾಪೂ ಒಂಥರಾ ಡಿಸೈನ್ ಅಂತಾನೇ ಅನ್ಸತ್ತೆ, ಯಾಕ್ ಡಿಸ್ಟರ್ಬ್ ಮಾಡ್ತೀರಾ?" ಎಂದ. ನಿಜಲಿಂಗಪ್ಪನವರು ಅವನ ಹೊಟ್ಟೆಯನ್ನೇ ನೋಡಿದರು. ಸ್ವಲ್ಪ ಮುಂದೆ ಬಂದಿತ್ತು. ಎಲ್ಲ ತಮ್ಮ ಮನೆಯ ಜೋಳದ್ದು.

ಬಿಡುಗಡೆ ಸಿಕ್ಕಿದ್ದು ರತ್ನಾಳಿಂದ. ಅವಳಿಗೆ ವಸಂತಾ ಎಂದರೆ ಪ್ರಾಣ. ಆದರೂ ಬೆಳಗಿನ ಮೀಟಿಂಗಿನಲ್ಲಿ ಅವಳು ಮಾತಾಡುವಾಗ ಹಿಂದಿನಿಂದ ಮದ್ದಳೆ ಬಾರಿಸಿದಂತೆ ಪಟಪಟ, ಕೀಬೋರ್ಡಿನ ಮೇಲೆ ಹಿಟ್ಟು, ಒಂದು ಕಾಫಿ ಮಾಡಿಕೊಳ್ಳಲೂ ತನ್ನ ಒಲೆಗೆ ತಾನೇ ಸರದಿ ನಿಲ್ಲುವ ಪಾಡು. ಬಾಯಿಬಿಟ್ಟು ಆಂಟಿಗೆ ಹೇಳಲಾರಳು. ಗಂಡನಿಗೆ ಹೇಳಿದಳು.

"ಗಿರಿ, ಇವತ್ತು ಮೇಲೆ ಹೋಗಿ ಆ ಕೆಲಸ ಮುಗಿಸ್ಕೊಂಡ್ ಬಾ. ಸೊಂಟ ನೋವು ಅಂದ್ರೆ ರೊಟ್ಟಿ ಬಂದ್, ನಾಳೆಯಿಂದ ಓಟ್ಸು."

ಗಿರೀಶ ಹೋದ. ಓಟ್ಸಿನ ಭಯ ಎಂಥವನನ್ನೂ ನೆಟ್ಟಗೆ ಮಾಡುತ್ತದೆ.

ರಬ್ಬರು ಕಿತ್ತರು. ಎರಡೂ ಹಲಗೆಗಳನ್ನು ಮೂಲೆಯ ಕಡೆ ಸರಿಸಿ ಕೂಡಿಸಿದರು. ಗಿರೀಶ ಕಪಾಟಿನೊಳಗೆ ತೂರಿದ, ಹೊರಗೆ ಕಾಣುತ್ತಿದ್ದುದು ಎರಡು ಸಾಕ್ಸು ಮಾತ್ರ. ವಸಂತಾ ಅವರನ್ನು ಕರೆದದ್ದಾಯಿತು. ಅವರು ಒಂದು ಚಿಟಿಕೆ ಜೋಳದ ಹಿಟ್ಟನ್ನು ಜೋಡಣೆಯ ಮೇಲೆ ಉದುರಿಸಿ, ಅಂಗೈಯಿಂದ ಒಮ್ಮೆ ಸವರಿದರು. ಗೋಡೆಯ ಕಡೆ ಹಿಟ್ಟು ಪೂರಾ ಬಂತು. ಮುಂದೆ ಬರುಬರುತ್ತ ಒಂದು ಬಿಳಿ ಗೆರೆ ಕಂಡಿತು, ಅವರ ಹೊಟ್ಟೆಯ ಹತ್ತಿರ ಬರುವಷ್ಟರಲ್ಲಿ ಸಾಸಿವೆ ಕಾಳು ಹೋಗುವಷ್ಟು ಅಗಲವಾಗಿತ್ತು.

"ಅಯ್ಯೋ ಕಣ್ಣು!" ಎಂದಿತು ಕಪಾಟು. ಉಳಿದ ಹಿಟ್ಟು ಗಿರೀಶನ ಮುಖದ ಮೇಲೆ ಬಿದ್ದಿತ್ತು.

ನಿಜಲಿಂಗಪ್ಪನವರು ಅಳತೆಪಟ್ಟಿ ತಂದು ಅಳೆದರು, ಗೋಡೆಗೆ ಕೋನಮಾಪಕ ಹಿಡಿದರು. ಮೂಲೆ ತೊಂಬತ್ತು ಡಿಗ್ರಿ ಇರಲಿಲ್ಲ, ಕಾಲು ಡಿಗ್ರಿ ಅಗಲವಿತ್ತು. "ಗ್ವಾಡಿನೇ ಸೊಟ್ಟ ಐತಿ!" ಎಂದು ಗುಡುಗಿದರು.

"ಕುಣೀಲಿಕ್ಕೆ ಬಾರದಾಕಿ ಅಂಗಳ ಡೊಂಕ ಅಂದ್ಲಂತ," ಎಂದು ವಸಂತಾ ಹಿಟ್ಟಿನ ಡಬ್ಬಿ ಎತ್ತಿಕೊಂಡು ಲಿಫ್ಟಿನ ಕಡೆ ನಡೆದರು. ಗಿರೀಶ ಮುಖ ಒರೆಸಿಕೊಳ್ಳುತ್ತ, "ಪರವಾಗಿಲ್ಲ ಬಿಡಿ ಅಂಕಲ್, ಟ್ರೈ ಮಾಡಿದ್ವಲ್ಲ" ಎಂದ. ಆ ಸಮಾಧಾನದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಸಂತೋಷವಿತ್ತು. ಅವನೂ ಲಿಫ್ಟಿಗೆ ಓಡಿದ.

ನಿಜಲಿಂಗಪ್ಪನವರು ಒಬ್ಬರೇ ಕೂತರು. ಗಾದೆ ಚುಚ್ಚಿತ್ತು. ಅಂಗಳ ನಿಜವಾಗಲೂ ಡೊಂಕಾಗಿತ್ತು, ಅದು ಬೇರೆ ಮಾತು. ಆದರೆ ಕುಣಿಯುವವರು ಮೊದಲು ಅಂಗಳ ನೋಡಬೇಕಿತ್ತು. ಸೇತುವೆ ಕಟ್ಟುವಾಗ ನದಿ ಹೇಗಿದೆಯೆಂದು ನೋಡದೆ ಗೆರೆ ಎಳೆದವರಲ್ಲ ಅವರು. ಅಡುಗೆಮನೆ ತಾನೇ ಎಂದು ಸಸಾರ ಮಾಡಿದ್ದರು. ನಲವತ್ತೈದು ಎಂದು ಪುಸ್ತಕದಲ್ಲಿದೆ, ಕೊಯ್ದೆ. ಈ ಮೂಲೆ ಪುಸ್ತಕ ಓದಿರಲಿಲ್ಲ.

ಈ ಸಲ ಅವರು ಡಿಗ್ರಿಯನ್ನೇ ಬಿಟ್ಟರು. ದೀಪಾವಳಿಗೆ ಬಂದ ಮಿಠಾಯಿ ಪೆಟ್ಟಿಗೆಗಳ ರಟ್ಟು ಬಿಚ್ಚಿ, ಒಂದಕ್ಕೊಂದು ಅಂಟಿಸಿ, ಎರಡು ಉದ್ದನೆಯ ತುಂಡು ಮಾಡಿದರು. ಹಲಗೆಗಳಷ್ಟೇ ಅಗಲ. ಅವನ್ನು ಎರಡು ಗೋಡೆಗಳಿಗೆ ಒತ್ತಿ, ಮೂಲೆಯಲ್ಲಿ ಒಂದರ ಮೇಲೊಂದು ಬರುವಂತೆ ಹಾಸಿದರು. ಹಿಂದೆ ಗೋಡೆಗಳು ಕೂಡುವ ಬಿಂದು, ಮುಂದೆ ಎರಡೂ ರಟ್ಟಿನ ಅಂಚು ಒಂದನ್ನೊಂದು ದಾಟುವ ಬಿಂದು. ಎರಡಕ್ಕೂ ಸೇರಿಸಿ ಒಂದೇ ಗೆರೆ ಎಳೆದು, ಒಂದೇ ಸಲಕ್ಕೆ ಎರಡೂ ರಟ್ಟು ಕತ್ತರಿಸಿದರು. ಗೋಡೆ ಎಷ್ಟಾದರೂ ಸೊಟ್ಟ ಇರಲಿ, ಈ ಗೆರೆ ಸುಳ್ಳು ಹೇಳಲಾರದು. ರಟ್ಟನ್ನು ಹಲಗೆಯ ಮೇಲಿಟ್ಟು ನೋಡಿದಾಗ ವಿಚಿತ್ರವೊಂದು ಕಂಡಿತು. ಮುಂದೆ ಬಾಯಿಬಿಟ್ಟ ಕಡೆ ಏನೂ ಮಾಡಬೇಕಾಗಿಲ್ಲ. ಹಿಂದೆ ಒಂದಕ್ಕೊಂದು ತಾಗಿ ಕೂತಿದೆಯಲ್ಲ, ಅಲ್ಲೇ ಒಂದು ಎಳೆಯಷ್ಟು ತೆಗೆಯಬೇಕು. ಅಲ್ಲಿ ತಾಗಿಕೊಂಡೇ ಅದು ಇಲ್ಲಿ ಕೂಡಲು ಬಿಡುತ್ತಿರಲಿಲ್ಲ. ನಿಜಲಿಂಗಪ್ಪನವರು ತಲೆದೂಗಿದರು. ಮದುವೆಮನೆಯಲ್ಲಿ ಬೀಗರು ಬಿಗುಮಾನ ಬಿಟ್ಟುಕೊಟ್ಟರೆ ಗಂಡು ಹೆಣ್ಣು ತಾವೇ ಕೂಡುವುದಿಲ್ಲವೇ, ಹಾಗೆ.

ಆ ವಾರವೆಲ್ಲ ಕಟ್ಟಡದ ಬೇಸ್‌ಮೆಂಟಿನ ಹಾಬಿ ರೂಮಿನಲ್ಲಿ ಅವರದೇ ರಾಜ್ಯ. ಕೊಯ್ಯುವ ಗೆರೆಯ ಮೇಲೆ ಅಂಚು ಕಿತ್ತುಬರಬಾರದೆಂದು ಟೇಪು ಅಂಟಿಸಿದರು. ಸಣ್ಣ ಹಲ್ಲಿನ ಗರಗಸದಲ್ಲಿ ಗೆರೆಗಿಂತ ಕೂದಲೆಳೆ ಆಚೆಗೆ ಕೊಯ್ದು, ಉಳಿದದ್ದನ್ನು ಕೈಹತ್ತರಿಯಿಂದ ಹೆರೆದರು. ಹೆರೆದು ಕೂಡಿಸಿ, ಬೆಳಕಿಗೆ ಹಿಡಿದು, ಬೆಳಕು ನುಸುಳಿದ ಕಡೆ ಬಿಟ್ಟು ನುಸುಳದ ಕಡೆ ಮತ್ತೆ ಹೆರೆದರು. ಮರದ ಸುರುಳಿಗಳು ಸ್ವೆಟರಿನ ಮೇಲೆಲ್ಲ ಕೂತು, ಲಿಫ್ಟಿನಲ್ಲಿ ಒಬ್ಬ ಅಜ್ಜಿ "ಹ್ಯಾಮ್‌ಸ್ಟರ್ ಸಾಕಿದ್ದೀರಾ?" ಎಂದು, ಮರದ ಹೊಟ್ಟು ಹಾಸಿದ ಗೂಡಿನಲ್ಲಿ ಸಾಕುವ ಇಲಿಯಂಥ ಪ್ರಾಣಿಯ ಹೆಸರು ಹಿಡಿದು, ಇಂಗ್ಲಿಷಿನಲ್ಲಿ ಕೇಳಿದರು. ಇವರು "ಇಲ್ಲ, ಹೆಂಡತಿ ಇದ್ದಾಳೆ" ಎಂದರು. ಅವರ ತಲೆಯಲ್ಲಿ ಬೇರೆ ವಿಷಯವೇ ಇರಲಿಲ್ಲ.

ಭಾನುವಾರ ಗಿರೀಶ ತಾನಾಗಿ ಬಂದ. ರತ್ನಾ ಲಿಫ್ಟಿನವರೆಗೂ ಕಾವಲು ಬಂದಿದ್ದಳು. ಅವನು ಮತ್ತೆ ಕಪಾಟಿನೊಳಗೆ ತೂರಿದ, ಈ ಸಲ ಈಜುವಾಗಿನ ಕನ್ನಡಕ ಹಾಕಿಕೊಂಡು. ಮೇಲೆ ನಿಜಲಿಂಗಪ್ಪನವರು ಓರೆ ಅಂಚುಗಳಿಗೆ ಅಂಟು ಸವರಿ, ಎರಡೂ ಹಲಗೆ ಒಂದೇ ಮಟ್ಟದಲ್ಲಿ ಕೂರಲೆಂದು ನಡುವೆ ತೆಳ್ಳನೆಯ ಮರದ ನಾಲಿಗೆಗಳನ್ನು ಸಿಕ್ಕಿಸಿ, ಮೂಲೆಯ ಕಡೆಗೆ ಒತ್ತಿದರು.

"ಹಿಂದಿನ ಬೋಲ್ಟು ಸ್ವಲ್ಪ. ಈಗ ಮುಂದಿಂದು ಸ್ವಲ್ಪ. ಒಂದನ್ನ ಪೂರಾ ಬಿಗೀಬ್ಯಾಡ, ಎರಡನ್ನೂ ಕೂಡೇ ಕರಕೊಂಡ ಬಾ."

"ಅಂಕಲ್, ಟೈಟ್ ಆಯ್ತು. ಇನ್ನು ತಿರುಗ್ತಿಲ್ಲ."

ಗೆರೆಯಲ್ಲಿ ಅಂಟಿನ ಸಣ್ಣ ಮಣಿಗಳು ಉಕ್ಕಿದವು. ಅವರು ಒದ್ದೆ ಬಟ್ಟೆಯಿಂದ ಒರೆಸಿದರು. ಒರೆಸಿದ ಮೇಲೆ ಗೆರೆ ಎಲ್ಲಿದೆಯೆಂದು ಅವರಿಗೇ ಹುಡುಕಬೇಕಾಯಿತು. ಅಂಟು ಆರುವವರೆಗೆ ಗಿರೀಶನಿಗೆ ಚಹಾ ಕುಡಿಸಿ, ಬೋಲ್ಟು ಇನ್ನೊಮ್ಮೆ ನೋಡೆಂದು ಮತ್ತೆ ಒಳಗೆ ಅಟ್ಟಿದರು. ಆಮೇಲೆ ವಸಂತಾ ಅವರನ್ನು ಕರೆದರು. ಇಷ್ಟು ಸೇತುವೆಗಳ ಮೇಲೆ ಮೊದಲ ಲಾರಿ ಹತ್ತುವುದನ್ನು ನೋಡಿದ್ದರೂ ಇಷ್ಟು ಭಯ ಯಾವಾಗಲೂ ಆಗಿರಲಿಲ್ಲ. ಎಂದಿನಂತೆ ಅಡುಗೆಮನೆಯ ಹೊರಗೆ, ಬಾಗಿಲ ಚೌಕಟ್ಟಿನ ಆಚೆ, ದೂರ ನಿಂತುಕೊಂಡರು.

ವಸಂತಾ ಹಿಟ್ಟು ಉದುರಿಸಿದರು. ಈ ಸಲ ಚಿಟಿಕೆಯಲ್ಲ, ಹಿಡಿ. ಅಂಗೈಯಿಂದ ಗೋಡೆಯ ತನಕ ಸವರಿದರು, ಮತ್ತೆ ತಮ್ಮ ಕಡೆಗೆ ಸವರಿದರು. ಬೆರಳ ತುದಿಯಿಂದ ಗೆರೆಯ ಜಾಗವನ್ನು ಕಣ್ಣು ಮುಚ್ಚಿ ಹುಡುಕಿದರು. ಬಿಳಿ ಗೆರೆ ಉಳಿಯಲಿಲ್ಲ.

"ಗಿರೀಶ," ಎಂದರು ನಿಜಲಿಂಗಪ್ಪನವರು, "ಮ್ಯಾಲಿಂದ ಏನರ ಬಿತ್ತೇನು?"

"ಇಲ್ಲ ಅಂಕಲ್," ಎಂದಿತು ಕಪಾಟು ಬಹಳ ದುಃಖದಿಂದ, "ಏನೂ ಬೀಳ್ತಿಲ್ಲ."

ವಸಂತಾ ಬಿಸಿನೀರು ಹಾಕಿ ಹಿಟ್ಟು ನಾದಿದರು. ಉಂಡೆ ಮಾಡಿ ಮೂಲೆಯಲ್ಲಿ ಇಟ್ಟರು. ಪಟ್, ಪಟ್, ಪಟಪಟ. ಗಿರೀಶ ಕಿವಿ ಮುಚ್ಚಿಕೊಂಡು ಕಪಾಟಿನಿಂದ ತೆವಳಿ ಹೊರಗೆ ಬಂದ. ನಿಜಲಿಂಗಪ್ಪನವರು ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ರೊಟ್ಟಿ ತಿರುಗಿತು, ಹಿಗ್ಗಿತು, ಗೆರೆಯ ಆ ಕಡೆಯಿಂದ ಈ ಕಡೆಗೆ ಎಲ್ಲೂ ತಡವರಿಸದೆ ಸುತ್ತಿತು. ಹಂಚಿನ ಮೇಲೆ ಉಬ್ಬಿದಾಗ ಒಂದೇ ಗುಳ್ಳೆ, ಎಲ್ಲೂ ಸೀಳಲಿಲ್ಲ.

"ಮತ್ತ ಸಂದಿ ಎಲ್ಲಿ ಹೋತ್ರಿ?" ಎಂದರು ವಸಂತಾ, ರೊಟ್ಟಿ ಮಗುಚುತ್ತ. "ಅದು ಇಲ್ಲದ ನಿಮಗ ನಿದ್ದಿ ಹತ್ತೂದಿಲ್ಲಲ್ಲ."

"ಐತಿ. ತುದಿಗೆ ಸರಿಸೀನಿ. ಒಂದು ಫ್ರಿಜ್ ಕಡೆ, ಒಂದು ಆ ಗ್ವಾಡಿ ಕಡೆ. ಮ್ಯಾಲೆ ಪಟ್ಟಿ ಬಡದೀನಿ, ಕಾಣೂದಿಲ್ಲ. ಹಿಗ್ಗೂದಿದ್ರ ಆ ಕಡೆ ಹಿಗ್ಗಲಿ, ಅಲ್ಲಿ ಯಾರೂ ರೊಟ್ಟಿ ತಟ್ಟೂದಿಲ್ಲ."

ವಸಂತಾ ಫ್ರಿಜ್ಜಿನ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು. ಆಮೇಲೆ ಬಾಗಿಲಾಚೆ ನಿಂತ ಗಂಡನನ್ನು ನೋಡಿದರು. ನಯಾಗರದ ಫೋಟೋದಲ್ಲಿ ನಿಂತಷ್ಟೇ ದೂರ.

"ಇಷ್ಟ್ ವರ್ಷ ಅದನ್ನ ನಮ್ಮಿಬ್ಬರ ನಡುವ ಇಟ್ಟಿದ್ರಲ್ಲ," ಎಂದರು. ದನಿಯಲ್ಲಿ ತಮಾಷೆ ಇತ್ತು, ಪೂರ್ತಿ ತಮಾಷೆಯೇ ಆಗಿರಲಿಲ್ಲ. "ಮದಲ ಸರಿಸಾಕ ಬರ್ತಿರಲಿಲ್ಲೇನು?"

ಗಿರೀಶ ಈಜುಗನ್ನಡಕ ತೆಗೆದು ನೆಲ ನೋಡತೊಡಗಿದ. ನಿಜಲಿಂಗಪ್ಪನವರಿಗೆ ನಾಚಿಕೆಯಾಯಿತು, ಏಕೆಂದರೆ ಅವಳು ಹೇಳಿದ್ದು ಸರಿಯಿತ್ತು, ಮತ್ತು ಇಷ್ಟು ವರ್ಷ ಹೇಳದೆ ಇದ್ದಳು.

"ಬಾಗಲದಾಗ ನಿಂತ್ರ ರೊಟ್ಟಿ ತಣ್ಣಗಾಗತೈತಿ. ಒಳಗ ಬರ್ರಿ."

ಅವರು ಒಳಗೆ ಬಂದರು. ಇ‍ಕ್ಕಟ್ಟಿನ ಅಡುಗೆಮನೆ, ಬಿಸಿರೊಟ್ಟಿಗೆ ಕೈ ನಿಲುಕುವಂತೆ ನಿಲ್ಲಲು ಇದ್ದದ್ದು ಒಂದೇ ಜಾಗ, ವಸಂತಾ ಅವರ ಮಗ್ಗುಲು. ತಟ್ಟೆಗೆ ರೊಟ್ಟಿ ಬಿತ್ತು, ಹಬೆಯಾಡುತ್ತಿತ್ತು. ಗಿರೀಶನ ತಟ್ಟೆಗೆ ಎರಡನೆಯದು ಬರುತ್ತದೆಂದು ವಸಂತಾ ಹೇಳಿದ ಮೇಲೆ ಅವನ ಮುಖಕ್ಕೂ ಕಳೆ ಬಂತು. ನಿಜಲಿಂಗಪ್ಪನವರು ನಿಂತೇ ತಿಂದರು, ಬಾಯಿ ಸುಟ್ಟುಕೊಂಡು ತಿಂದರು. ಪಕ್ಕದಲ್ಲಿ ಮುಂದಿನ ಉಂಡೆ ಇಟ್ಟು ತಟ್ಟಲು ಕೈ ಎತ್ತಿದ ವಸಂತಾ ಅವರ ಮೊಣಕೈ ಗಂಡನ ತೋಳಿಗೆ ತಾಗಿತು. ಎರಡನೆಯ ಸಲ ಎತ್ತಿದಾಗ ಮತ್ತೆ ತಾಗಿತು.

"ಕೈ ತಾಗಾಕತ್ತೈತಿ. ಸ್ವಲ್ಪ ಸರೀರಿ."

"ಎಲ್ಲಿ ಸರೀಲಿ," ಎಂದರು ನಿಜಲಿಂಗಪ್ಪನವರು ತುಂಬಿದ ಬಾಯಲ್ಲಿ, "ಜಾಗಾ ಇಲ್ಲ."

ಹಿಂದೆ ಬಾಗಿಲ ತನಕ ಬೇಕಾದಷ್ಟು ಜಾಗವಿತ್ತು. ಅವರು ಸರಿಯಲಿಲ್ಲ.